ಬಿರೋ, ಬೀರು ಮತ್ತು ನನ್ನ ಚೌಕುಳಿ ಟವೆಲ್

ನನಗೆ ದೊಡ್ಡ ಆಸೆಗಳೇನೂ ಇಲ್ಲ ಎಂದು ಆಗಾಗ ಹೇಳಿಕೊಳ್ಳುವ ಅಭ್ಯಾಸ ನನಗಿದೆ. ಹೀಗೆ ಹೇಳಿಕೊಳ್ಳುವವರಿಂದ ನೀವು ನಾಲ್ಕು ಮಾರು ದೂರ ಇರುವುದು ಒಳ್ಳೆಯದು. ದೊಡ್ಡ ಆಸೆಯವನು ಅದರ ಬೆನ್ನು ಹತ್ತಿ ಎಲ್ಲೋ ದೂರದಲ್ಲಿ ಓಡುತ್ತಿರುತ್ತಾನೆ, ಅಕ್ಕಪಕ್ಕದವರಿಗೆ ಅವನ ಕಾಟ ಕಡಿಮೆ. ಸಣ್ಣ ಆಸೆಯವನು ಹಾಗಲ್ಲ. ಇಲ್ಲೇ ನಿಮ್ಮ ಮಗ್ಗುಲಲ್ಲೇ ಇರುತ್ತಾನೆ, ಮತ್ತು ಆಸೆ ಇಷ್ಟು ಸಣ್ಣದು ಎಂಬ ಒಂದೇ ಕಾರಣಕ್ಕೆ ಅದು ನೆರವೇರಲೇಬೇಕೆಂದು ಹಟ ಹಿಡಿಯುತ್ತಾನೆ. ನನ್ನ ಸಣ್ಣ ಆಸೆಯೆಂದರೆ ಕೂರಲು ನನ್ನದೇ ಆದ ಒಂದು ಜಾಗ. ವಿಟ್ಬಿಯ ನಮ್ಮ ಮನೆಯಲ್ಲಿ ಸೋಫಾದ ಎಡತುದಿ ನನ್ನದು. ಯಾರ ಮನೆಗೆ ಊಟಕ್ಕೆ ಹೋದರೂ ಹತ್ತು ನಿಮಿಷದಲ್ಲಿ ಒಂದು ಕುರ್ಚಿಯನ್ನು ಮನಸ್ಸಿನಲ್ಲೇ ನನ್ನ ಹೆಸರಿಗೆ ಮಾಡಿಕೊಳ್ಳುತ್ತೇನೆ. ಕೈತೊಳೆದು ಬರುವಷ್ಟರಲ್ಲಿ ಅಲ್ಲಿ ಬೇರೆ ಯಾರಾದರೂ ಕೂತಿದ್ದರೆ ಹೋಳಿಗೆಯೂ ಸಪ್ಪೆ ಅನ್ನಿಸುತ್ತದೆ. ನನ್ನ ಹೆಂಡತಿ ಗಿರಿಜಾ ಧಾರವಾಡದವಳು. ಇದನ್ನು ಅವಳು ‘ಕುರ್ಚಿ ಹುಚ್ಚು’ ಎನ್ನುತ್ತಾಳೆ. ರಾಜಕಾರಣಿಗಳಿಗಿರುವ ಹುಚ್ಚೇ ಇದು, ಆದರೆ ಅವರಿಗಾದರೂ ಕುರ್ಚಿಯ ಜೊತೆ ಅಧಿಕಾರ ಸಿಗುತ್ತದೆ, ನಿಮಗೆ ಬೆನ್ನುನೋವು ಅಷ್ಟೇ ಎಂಬುದು ಅವಳ ಅಭಿಪ್ರಾಯ.

ಇದೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಯೂನಿಯನ್‌ವಿಲ್ಲಿನ ನಮ್ಮ ಆಫೀಸಿನಲ್ಲಿ ನನಗೆ ಅಂಥ ಒಂದು ಜಾಗವಿತ್ತು. ನಮ್ಮದು ಕಟ್ಟಡಗಳಿಗೆ ಲಿಫ್ಟ್ ಕೂರಿಸುವ ಕಂಪನಿ. ನಾನು ಲಿಫ್ಟಿನ ಬಿಡಿಭಾಗಗಳನ್ನು ತರಿಸುವವನು. ಜನರನ್ನು ಮೇಲೇರಿಸುವ ಉದ್ಯಮದಲ್ಲಿ ಇದ್ದುಕೊಂಡು ನಾನು ಮಾತ್ರ ಹದಿನಾಲ್ಕು ವರ್ಷ ಎರಡನೇ ಮಹಡಿಯಲ್ಲೇ ಉಳಿದೆ, ಆದರೆ ಅದರ ಬಗ್ಗೆ ನನಗೆ ಕೊರಗಿರಲಿಲ್ಲ, ಏಕೆಂದರೆ ನನ್ನ ಡೆಸ್ಕು ಕಿಟಕಿಯ ಪಕ್ಕದಲ್ಲಿತ್ತು. ಕಿಟಕಿಯ ಹೊರಗೆ ನೋಡುವಂಥದ್ದು ಏನೂ ಇಲ್ಲ, ಪಾರ್ಕಿಂಗ್ ಲಾಟು ಮತ್ತು ಅದರಾಚೆ ಒಂದು ಟೈರ್ ಅಂಗಡಿ. ಆದರೂ ಚಳಿಗಾಲದ ಮಧ್ಯಾಹ್ನ ಎರಡು ಗಂಟೆಗೆ ಒಂದು ತುಂಡು ಬಿಸಿಲು ಬಂದು ನನ್ನ ಕೀಬೋರ್ಡಿನ ಮೇಲೆ ಕೂರುತ್ತಿತ್ತು. ಜನವರಿಯಲ್ಲಿ, ಹಿಮ ಬೀಳುವ ಈ ಪರದೇಶದಲ್ಲಿ ಬಿಸಿಲು ಅಂದರೆ ಏನು ಅಂತ ಇಲ್ಲಿರುವವರಿಗೆ ಗೊತ್ತು.

ನನ್ನ ಪಕ್ಕದ ಡೆಸ್ಕು ವಿಯೋರಿಕಾ ಅವರದು. ನಕಾಶೆಗಳ ವಿಭಾಗದ ಹಿರಿಯ ಹೆಂಗಸು, ರೊಮೇನಿಯಾದವರು, ನನಗಿಂತ ಏಳೆಂಟು ವರ್ಷ ದೊಡ್ಡವರು. ಎಡ ಮಂಡಿಯಲ್ಲಿ ನೋವು, ಬಾಯಲ್ಲಿ ಪುದೀನಾ ಪೆಪ್ಪರ್‌ಮಿಂಟು, ಮಾತು ಕಡಿಮೆ. ನಾವಿಬ್ಬರೂ ಆಡುವುದು ಇಂಗ್ಲಿಷೇ ಆದರೂ ಆಕೆ ಮಾತಾಡುವ ಧಾಟಿ ನನ್ನ ಕಿವಿಗೆ ಯಾವಾಗಲೂ ಏಕವಚನದ ಕನ್ನಡದಂತೆಯೇ ಕೇಳಿಸುತ್ತದೆ, ಆದ್ದರಿಂದ ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಹದಿನಾಲ್ಕು ವರ್ಷ ಪಕ್ಕಪಕ್ಕ ಕೂತವರು ಒಂದು ಬಗೆಯ ನೆಂಟರೇ ಆಗಿಬಿಡುತ್ತಾರೆ, ಮದುವೆ ಮುಂಜಿಗೆ ಉಡುಗೊರೆ ಕೊಡುವ ಗೋಜಿಲ್ಲದ ನೆಂಟರು.

ಹೀಗಿರುವಾಗ ಕಳೆದ ವರ್ಷ ಮೇಲಿನಿಂದ ಒಂದು ಇಮೇಲ್ ಇಳಿದುಬಂತು. ಇನ್ನು ಮುಂದೆ ವಾರಕ್ಕೆ ಮೂರು ದಿನ ಎಲ್ಲರೂ ಆಫೀಸಿಗೆ ಬರಬೇಕು, ಆದರೆ ಯಾರಿಗೂ ಸ್ವಂತ ಡೆಸ್ಕು ಇರುವುದಿಲ್ಲ. ಎಲ್ಲ ಡೆಸ್ಕುಗಳೂ ಎಲ್ಲರವು. ಬೇಕಾದವರು ಹಿಂದಿನ ದಿನ ಬೆಳಿಗ್ಗೆ ಆರು ಗಂಟೆಗೆ ಆ್ಯಪಿನಲ್ಲಿ ಬುಕ್ ಮಾಡಿಕೊಳ್ಳತಕ್ಕದ್ದು. ಸಂಜೆ ಹೋಗುವಾಗ ಡೆಸ್ಕಿನ ಮೇಲೆ ಒಂದು ಗುಂಡುಸೂಜಿಯೂ ಉಳಿಯತಕ್ಕದ್ದಲ್ಲ. ಇದರಿಂದ ನಮ್ಮೆಲ್ಲರಲ್ಲಿ ಹೊಸ ಗೆಳೆತನಗಳು ಮೂಡಲಿವೆ ಎಂದೂ ಬರೆದಿದ್ದರು. ನನ್ನ ಡೆಸ್ಕಿಗೆ ಡಿ-17 ಎಂದು ನಂಬರು ಅಂಟಿಸಿದರು. ಹದಿನಾಲ್ಕು ವರ್ಷ ಅದು ಬರೀ ‘ಶಿವಾನ ಡೆಸ್ಕು’ ಆಗಿತ್ತು. ಜೈಲಿಗೆ ಹೋದವರಿಗೂ ಹೀಗೆಯೇ ಹೆಸರು ಹೋಗಿ ನಂಬರು ಬರುತ್ತದಂತೆ.

ಆ್ಯಪಿನ ವಿಷಯದಲ್ಲಿ ನನ್ನ ಸಾಮರ್ಥ್ಯವನ್ನು ಮುಚ್ಚಿಡುವುದಿಲ್ಲ. ಮೊದಲ ದಿನ ಆರು ಗಂಟೆಗೆ ಎದ್ದು, ಕನ್ನಡಕ ಹುಡುಕಿ, ಪಾಸ್‌ವರ್ಡ್ ನೆನಪಿಸಿಕೊಳ್ಳುವಷ್ಟರಲ್ಲಿ ಆರೂ ಹನ್ನೊಂದಾಗಿ ಕಿಟಕಿಯ ಪಕ್ಕದ ಜಾಗಗಳೆಲ್ಲ ಹೋಗಿದ್ದವು. ಎರಡನೆಯ ಸಲ ಐದೂವರೆಗೇ ಎದ್ದು ಕಾಯುತ್ತ ಕೂತೆ. ಆರಾದ ಕ್ಷಣ ಒತ್ತಿದೆ. ‘ನಿಮ್ಮ ಬುಕಿಂಗ್ ಆಗಿದೆ’ ಎಂದು ಹಸಿರು ಗುರುತೂ ಬಂತು. ಆಫೀಸಿಗೆ ಹೋದ ಮೇಲೆ ಗೊತ್ತಾಯಿತು, ನಾನು ಬುಕ್ ಮಾಡಿದ್ದು ನೆಲಮಾಳಿಗೆಯಲ್ಲಿ ಸೈಕಲ್ ಇಡುವ ಕಪಾಟನ್ನು. ನನ್ನ ಬಳಿ ಸೈಕಲ್ ಇಲ್ಲ. ಈ ಆ್ಯಪೇ ಸರಿಯಿಲ್ಲ ಎಂದು ಮನೆಯಲ್ಲಿ ಕೂಗಾಡಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗಿರಿಜಾ ಚಪಾತಿ ಲಟ್ಟಿಸುತ್ತಲೇ ಹೇಳಿದಳು.

ಆಗ ನನಗೆ ನೆನಪಾದದ್ದು ನಮ್ಮ ಹುಬ್ಬಳ್ಳಿಯ ಬಸ್‌ಸ್ಟ್ಯಾಂಡು. ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವ ಪದ್ಧತಿ ನಿಮಗೆ ಗೊತ್ತೇ ಇದೆ. ಟವೆಲ್ ಬಿದ್ದ ಸೀಟು ಟವೆಲ್‌ನವನದು. ಇದಕ್ಕೆ ಕಾಗದಪತ್ರ ಬೇಡ, ಸಾಕ್ಷಿ ಬೇಡ, ಕಂಡಕ್ಟರನೂ ಇದನ್ನು ಪ್ರಶ್ನಿಸುವುದಿಲ್ಲ. ನನ್ನ ಸೋದರಮಾವ ಇದರಲ್ಲಿ ನಿಪುಣ. ಓಡುವ ಬಸ್ಸಿನ ಮೂರನೇ ಕಿಟಕಿಗೆ ಗುರಿಯಿಟ್ಟರೆ ಟವೆಲ್ ಅಲ್ಲಿಯೇ ಹೋಗಿ ಹಾಸಿಕೊಳ್ಳುತ್ತಿತ್ತು. ಒಮ್ಮೆ ನವಲಗುಂದಕ್ಕೆ ಹೋಗಬೇಕಾದವನು ಅವಸರದಲ್ಲಿ ಗದಗಿನ ಬಸ್ಸಿಗೆ ಟವೆಲ್ ಒಗೆದ. ಒಳಗೆ ಹೋಗಿ ಬಸ್ಸು ಬೇರೆಯೆಂದು ತಿಳಿದ ಮೇಲೂ ಇಳಿಯಲಿಲ್ಲ. ಕಿಟಕಿಯ ಸೀಟು ಸಿಕ್ಕಿದೆ, ಇಂಥ ಸೀಟು ಬಿಟ್ಟು ಇಳಿಯುವುದು ಹೇಗೆ ಎಂದು ಗದಗಿಗೇ ಹೋಗಿಬಂದ. ಆ ರಕ್ತ ನನ್ನಲ್ಲಿಯೂ ಹರಿಯುತ್ತಿದೆಯೆಂಬುದನ್ನು ಓದುಗರು ಗಮನಿಸಬೇಕು.

ಮರುವಾರ ಸ್ನಾನದ ಮನೆಯಿಂದ ಒಂದು ಕೆಂಪು-ಬಿಳಿ ಚೌಕುಳಿ ಟವೆಲ್ ಎತ್ತಿಕೊಂಡು ಹೋಗಿ, ಸಂಜೆ ಹೊರಡುವಾಗ ಡಿ-17ರ ಮೇಲೆ ಹಾಸಿ ಬಂದೆ. ಬೆಳಿಗ್ಗೆ ಹೋದರೆ ಟವೆಲ್ ಇರಲಿಲ್ಲ. ಕಸಗುಡಿಸುವವರು ಅದನ್ನು ಕಳೆದುಹೋದ ವಸ್ತುಗಳ ಪೆಟ್ಟಿಗೆಗೆ ಹಾಕಿದ್ದರು. ರಿಸೆಪ್ಷನ್ನಿನಲ್ಲಿ ಸಹಿ ಹಾಕಿ ಬಿಡಿಸಿಕೊಂಡು ಬಂದೆ. ಸಂಜೆ ಬಿಟ್ಟುಬರುವುದು ಬೇಡವೆಂದು ಮಾರನೆಯ ದಿನ ಬೆಳಿಗ್ಗೆ ಏಳೂಕಾಲಿಗೇ ಹೋಗಿ ಹಾಸಿ, ಕಾಫಿ ತರಲು ಹೋದೆ. ಬರುವಷ್ಟರಲ್ಲಿ ಯಾರೋ ಒಬ್ಬರು ಟವೆಲನ್ನು ಮಡಿಸಿ ಪಕ್ಕಕ್ಕಿಟ್ಟು ಕೂತಿದ್ದರು. ಫೋನು ತೋರಿಸಿದರು. ಬುಕಿಂಗ್ ಅವರ ಹೆಸರಲ್ಲಿತ್ತು. ಅವರದು ಕಾನೂನು, ನನ್ನದು ಸಂಪ್ರದಾಯ. ಎರಡೂ ಎದುರಾದಾಗ ಯಾರು ಏಳಬೇಕಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಇದನ್ನೆಲ್ಲ ಪಕ್ಕದಿಂದ ನೋಡುತ್ತಿದ್ದ ವಿಯೋರಿಕಾ ಮಧ್ಯಾಹ್ನ ಊಟದ ಹೊತ್ತಿಗೆ ನನ್ನೆದುರು ಬಂದು ಕೂತರು. ಆ ಬಟ್ಟೆ ಏನು ಎಂದು ಕೇಳಿದರು. ನಾನು ಹುಬ್ಬಳ್ಳಿಯ ಬಸ್ಸು, ಸೋದರಮಾವ, ಗದಗು ಎಲ್ಲವನ್ನೂ ಹೇಳಿದೆ. ಆಕೆ ನಗಲಿಲ್ಲ. ಪೆಪ್ಪರ್‌ಮಿಂಟನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ದಾಟಿಸಿ, “ನಮ್ಮ ಭಾಷೆಯಲ್ಲಿ ಡೆಸ್ಕಿಗೆ ಏನಂತಾರೆ ಗೊತ್ತಾ? ಬಿರೋ” ಅಂದರು. ಕೊನೆಯಲ್ಲಿ ತುಟಿಯನ್ನು ಸ್ವಲ್ಪ ಗುಂಡಗೆ ಮಾಡಬೇಕು. ಡೆಸ್ಕಿಗೂ ಅದೇ, ಆಫೀಸಿಗೂ ಅದೇ.

ಆಮೇಲೆ ಆಕೆ ಹೇಳಿದ ಕಥೆ ನನ್ನನ್ನು ಹಾಳುಮಾಡಿತು. ಆಕೆಯ ತಂದೆ ಊರಿನ ಹೈಸ್ಕೂಲಿನಲ್ಲಿ ಫ್ರೆಂಚ್ ಮೇಷ್ಟರಾಗಿದ್ದರಂತೆ, ಊಟಕ್ಕೆ ಕೂತಾಗಲೆಲ್ಲ ಮಕ್ಕಳಿಗೆ ಒಂದೊಂದು ಪದದ ಹುಟ್ಟು ಹೇಳುವ ಚಟ ಅವರಿಗೆ. ರೊಮೇನಿಯಾದ ಸಿರಿವಂತರ ಮಕ್ಕಳು ಓದಲು ಪ್ಯಾರಿಸ್ಸಿಗೆ ಹೋಗುತ್ತಿದ್ದ ಒಂದು ಕಾಲವಿತ್ತು. ಬರುವಾಗ ಟೋಪಿ, ಕೋಟು, ಕುಡಿಮೀಸೆಯ ಜೊತೆ ಪದಗಳನ್ನೂ ಕಟ್ಟಿಕೊಂಡು ಬರುತ್ತಿದ್ದರು. ‘ಬಿರೋ’ ಹಾಗೆ ಬಂದದ್ದು. ಫ್ರೆಂಚರಲ್ಲಿ ಅದು ‘ಬ್ಯೂರೋ’. ಆದರೆ ಆ ಫ್ರೆಂಚ್ ಪದಕ್ಕೆ ಮೊದಲು ಮೇಜು ಎಂಬ ಅರ್ಥವೇ ಇರಲಿಲ್ಲ. ಅದು ಒಂದು ಬಗೆಯ ಒರಟು ಉಣ್ಣೆಯ ಬಟ್ಟೆಯ ಹೆಸರು. ಬರೆಯುವವರು ಕಾಗದಕ್ಕೆ ಹಲಗೆಯ ಗಂಟುಗಳು ತಗಲದಿರಲಿ ಎಂದು ಆ ಬಟ್ಟೆಯನ್ನು ಹಾಸಿಕೊಳ್ಳುತ್ತಿದ್ದರು. ಕಾಲಕ್ರಮದಲ್ಲಿ ಬಟ್ಟೆಯ ಹೆಸರು ಬಟ್ಟೆ ಹಾಸಿದ ಮೇಜಿಗೆ ಬಂತು, ಮೇಜಿನ ಹೆಸರು ಮೇಜಿದ್ದ ಕೋಣೆಗೆ ಬಂತು, ಕೋಣೆಯ ಹೆಸರು ಕೋಣೆಯಲ್ಲಿ ಕೂತ ಅಧಿಕಾರಿಗಳಿಗೆ ಬಂತು, ಕೊನೆಗೆ ಅವರು ನಡೆಸುವ ಸರ್ಕಾರಕ್ಕೂ ಬಂತು. “ಅಂದರೆ ಮೊದಲು ಬಟ್ಟೆ, ಆಮೇಲೆ ಡೆಸ್ಕು” ಎಂದು ವಿಯೋರಿಕಾ ಹೇಳಿ ಎದ್ದುಹೋದರು.

ನನಗೆ ಆ ಮಧ್ಯಾಹ್ನ ಒಂದು ಸ್ಕ್ರೂ ಕೂಡ ತರಿಸಲಾಗಲಿಲ್ಲ. ಒರಟು ಉಣ್ಣೆಯ ಬಟ್ಟೆ ಅಂದರೆ ಏನು? ನಮ್ಮ ಕಂಬಳಿ ತಾನೇ. ನಮ್ಮ ಕಡೆ ಹಿರಿಯರು ನ್ಯಾಯ ಹೇಳಲು ಕೂರುವಾಗ ಮೊದಲು ಕಂಬಳಿ ಹಾಸುತ್ತಾರೆ. ಅದುವರೆಗೆ ಅದು ಬರೀ ಕಟ್ಟೆ, ಹಾಸಿದ ಮೇಲೆ ನ್ಯಾಯಾಲಯ. ಫ್ರಾನ್ಸಿನವರೂ ಇಷ್ಟೇ ಮಾಡಿದ್ದು. ಆ ಪ್ರಕಾರ ಬ್ಯೂರಾಕ್ರಸಿಯನ್ನು ಕನ್ನಡಕ್ಕೆ ತರುವವರು ಅಧಿಕಾರಶಾಹಿ ಎಂದು ಕಷ್ಟಪಡುವ ಬದಲು ಕಂಬಳಿ ಸರ್ಕಾರ ಎಂದಿದ್ದರೆ ಎಲ್ಲರಿಗೂ ತಿಳಿಯುತ್ತಿತ್ತು, ಅದರ ಚುಚ್ಚುವ ಗುಣವೂ ಅದರಲ್ಲೇ ಬಂದುಬಿಡುತ್ತಿತ್ತು. ಇನ್ನೂ ಒಂದು ವಿಷಯ ಹೊಳೆಯಿತು. ನಮ್ಮಲ್ಲಿ ಮೈಸೂರು, ಬೆಂಗಳೂರಿನ ಕಡೆಯವರು ಕಬ್ಬಿಣದ ಕಪಾಟಿಗೆ ಬೀರು ಎನ್ನುತ್ತಾರಲ್ಲ, ಅದೂ ಇದೇ ಬ್ಯೂರೋ, ಇಂಗ್ಲಿಷರ ಕೈಯಲ್ಲಿ ನಮ್ಮ ಮನೆಗೆ ಬಂದದ್ದು. ಬೀರುವಿನಲ್ಲಿ ನಾವು ಏನಿಡುತ್ತೇವೆ? ಸೀರೆ, ಪಂಚೆ, ಶಾಲು. ಬಟ್ಟೆಯಾಗಿ ಹೊರಟ ಪದ ದೇಶ ಸುತ್ತಿ, ಸಮುದ್ರ ದಾಟಿ, ಕೊನೆಗೆ ನಮ್ಮಲ್ಲಿ ಬಟ್ಟೆಯನ್ನೇ ಹೊಟ್ಟೆಯಲ್ಲಿಟ್ಟುಕೊಂಡು ಕೂತಿದೆ. ಹೀಗೆ ಯೋಚಿಸುತ್ತ ಹೋದರೆ ಕುರ್ಚಿ ಅರಬ್ಬಿಯದು, ಟೇಬಲ್ಲು ಇಂಗ್ಲಿಷಿನದು, ಮೇಜು ಪರ್ಷಿಯದಿಂದ ಬಂತೋ ಪೋರ್ಚುಗಲ್ಲಿನಿಂದ ಬಂತೋ ಪಂಡಿತರೇ ಇನ್ನೂ ಬಡಿದಾಡುತ್ತಿದ್ದಾರೆ. ನಮ್ಮದು ಅಂತ ಇರುವುದು ನೆಲ, ಚಾಪೆ, ಮಣೆ. ನನಗೆ ಸ್ವಂತ ಡೆಸ್ಕು ಇಲ್ಲದೆ ಹೋದದ್ದಕ್ಕೆ ಭಾಷೆಯಲ್ಲೇ ಕಾರಣವಿದೆ ಎಂದು ಸ್ವಲ್ಪ ಸಮಾಧಾನವೂ ಆಯಿತು.

ಆದರೆ ಮುಖ್ಯವಾದದ್ದು ನನ್ನ ಟವೆಲ್. ಇಷ್ಟು ದಿನ ಅದು ಬರೀ ಹುಬ್ಬಳ್ಳಿಯ ರೂಢಿ ಎಂದು ಸ್ವಲ್ಪ ಅಳುಕುತ್ತಿದ್ದೆ. ಈಗ ಅದಕ್ಕೆ ಫ್ರಾನ್ಸು ಮತ್ತು ರೊಮೇನಿಯಾಗಳ ಬೆಂಬಲ ಸಿಕ್ಕಿತ್ತು. ಮರುವಾರ ಎದೆಯುಬ್ಬಿಸಿಕೊಂಡು ಹೋಗಿ ಏಳೂಕಾಲಿಗೆ ಡಿ-17ರ ಮೇಲೆ ಟವೆಲ್ ಹಾಸಿದೆ, ಕಾಫಿಗೆ ಹೋದೆ, ಬಂದೆ. ಟವೆಲ್ ಹಾಗೆಯೇ ಇತ್ತು. ಒಂಬತ್ತಾಯಿತು, ಹತ್ತಾಯಿತು, ಯಾರೂ ಬರಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಒಂದಿಬ್ಬರು ಫೋನು ಹಿಡಿದು ಹತ್ತಿರ ಬಂದವರು ನಂಬರು ನೋಡಿ, ಫೋನು ನೋಡಿ, ಸುಮ್ಮನೆ ಮುಂದೆ ಹೋದರು. ನನ್ನ ಟವೆಲ್‌ನಲ್ಲಿ ಆ ಮೊದಲು ಏನು ಕೊರತೆಯಿತ್ತು, ಈಗ ಏನು ತುಂಬಿತು ಎಂದು ಯೋಚಿಸಿದೆ. ಮೊದಲು ಹಾಸುವಾಗ ಕೈ ಹಿಂಜರಿಯುತ್ತಿತ್ತು, ಈಗ ಅರ್ಥ ತಿಳಿದು ಹಾಸುತ್ತಿದ್ದೇನೆ, ಮಂತ್ರಕ್ಕೂ ಅದೇ ತಾನೇ ನಿಯಮ ಎಂದು ತೀರ್ಮಾನಿಸಿದೆ. ವಾರಗಳು ಹೀಗೆಯೇ ಕಳೆದವು. ಎರಡು ಗಂಟೆಯ ಬಿಸಿಲು ಮೊದಲಿನಂತೆ ಕೀಬೋರ್ಡಿನ ಮೇಲೆ ಬಂದು ಕೂತಿತು.

ವಿಯೋರಿಕಾ ಮಾತ್ರ ಪಕ್ಕದ ಡೆಸ್ಕಿನಲ್ಲಿ ಇರಲಿಲ್ಲ. ಅಲ್ಲಿ ದಿನಕ್ಕೊಬ್ಬರು ಕೂರುತ್ತಿದ್ದರು. ಆಕೆ ದೂರದಲ್ಲಿ, ಪ್ರಿಂಟರ್ ಪಕ್ಕದ ಒಂದು ಸಣ್ಣ ದುಂಡು ಮೇಜಿಗೆ ಹೋಗಿದ್ದರು. ಬಂದುಹೋಗುವವರು ಎರಡು ನಿಮಿಷ ಕೂರಲೆಂದು ಇಟ್ಟ ಮೇಜು ಅದು, ಆ್ಯಪಿನಲ್ಲಿ ಅದಕ್ಕೆ ನಂಬರೂ ಇಲ್ಲ. ಗಾಳಿ ಇಲ್ಲ, ಬೆಳಕಿಲ್ಲ, ನಿಮಿಷಕ್ಕೊಮ್ಮೆ ಪ್ರಿಂಟರು ಕೊರಗುತ್ತದೆ. ಅಲ್ಲಿ ಯಾಕೆ ಎಂದು ಒಂದು ಸಲ ಕೇಳಿದೆ. ಪ್ರಿಂಟರಿನ ಬಿಸಿ ಮಂಡಿಗೆ ಹಿತವಾಗಿದೆ ಎಂದರು. ಪಾಪ, ಆ ಬಿಸಿಯಾದರೂ ಸಿಗಲಿ ಎಂದುಕೊಂಡು ನಾನು ನನ್ನ ಕಿಟಕಿಗೆ ಮರಳಿದೆ.

ವಿಜಯ ಸಿಕ್ಕಿದವನು ಸುಮ್ಮನಿರುವುದುಂಟೇ. ಒಂದು ಭಾನುವಾರ ರಿಚ್ಮಂಡ್ ಹಿಲ್ಲಿನಲ್ಲಿ ಗೆಳೆಯರ ಮನೆಯ ಊಟವಿತ್ತು. ಅಲ್ಲಿ ಎಂಟು ಜನರನ್ನು ಬೇಸ್‌ಮೆಂಟಿನಲ್ಲಿ ಕೂರಿಸಿಕೊಂಡು ಕಂಬಳಿಯಿಂದ ಕಚೇರಿಯವರೆಗೆ ಒಂದು ಗಂಟೆ ಮಾತಾಡಿದೆ. ಎಲ್ಲರ ಆಫೀಸಿನಲ್ಲೂ ಇದೇ ಗೋಳಿತ್ತು, ಆದ್ದರಿಂದ ಯಾರೂ ಎದ್ದುಹೋಗಲಿಲ್ಲ. ಉಡುಪಿಯ ಶೆಟ್ಟರಂತೂ ಎರಡು ಸಲ ಹೇಳಿಸಿಕೊಂಡು ಕೇಳಿದರು. ಹತ್ತು ದಿನ ಬಿಟ್ಟು ಅವರಿಂದ ಫೋನು ಬಂತು. “ಎಂಥದು ಮಾರಾಯ್ರೆ ನಿಮ್ಮ ಟವೆಲ್. ನಾನು ಹಾಕಿದೆ. ಸೆಕ್ಯುರಿಟಿಯವ ಗ್ಲೌಸ್ ಹಾಕ್ಕೊಂಡು ಬಂದು ಎತ್ತಿಕೊಂಡು ಹೋದ. ಈಗ ಎಚ್ಚಾರ್‌ನವರಿಗೆ ನಾನು ಎಕ್ಸ್‌ಪ್ಲನೇಶನ್ ಬರೀಬೇಕಂತೆ” ಎಂದರು. ನಾನು ಅವರ ಟವೆಲ್ ಎಂಥದ್ದು ಎಂದು ವಿಚಾರಿಸಿದೆ. ಹೋಟೆಲಿನಲ್ಲಿ ಕೊಡುವಂಥ ಬಿಳಿಯ ಟವೆಲ್. ಅದು ತಪ್ಪು, ಬಣ್ಣವಿಲ್ಲದ ಟವೆಲ್‌ಗೆ ಹಕ್ಕು ಬರುವುದಿಲ್ಲ ಎಂದು ಅವರಿಗೆ ಸಾವಧಾನವಾಗಿ ತಿಳಿಸಿದೆ. ಶೆಟ್ಟರು ಆಮೇಲೆ ನನ್ನ ಜೊತೆ ಬಹಳ ದಿನ ಮಾತಾಡಲಿಲ್ಲ.

ಮಾರ್ಚಿನಲ್ಲಿ ವಿಯೋರಿಕಾ ಮಂಡಿಗೆ ಇಂಜೆಕ್ಷನ್ ತೆಗೆದುಕೊಳ್ಳಲು ಒಂದು ವಾರ ರಜೆ ಹಾಕಿದರು. ಆ ವಾರದ ಮಂಗಳವಾರ ನಾನು ಎಂದಿನಂತೆ ಟವೆಲ್ ಹಾಸಿ ಕೂತಿದ್ದೆ. ಒಂಬತ್ತಕ್ಕೆ ಸೇಲ್ಸ್ ವಿಭಾಗದ ಒಬ್ಬ ಹೆಂಗಸು ಬಂದು ಡಿ-17 ತನ್ನದೆಂದರು. ನಾನು ಮುಗುಳ್ನಗುತ್ತ ಟವೆಲ್ ತೋರಿಸಿದೆ. ಆಕೆ ಮುಗುಳ್ನಗುತ್ತ ಫೋನು ತೋರಿಸಿದರು. ನಾನು ಹನ್ನೊಂದು ವಾರದಿಂದ ಇದು ನಡೆದುಬಂದ ಪದ್ಧತಿ, ಇಲ್ಲಿ ಯಾರನ್ನಾದರೂ ಕೇಳಿ ಎಂದೆ. ಆಕೆ ನಿಜವಾಗಿಯೂ ಹೋಗಿ ನಮ್ಮ ಮ್ಯಾನೇಜರ್ ಕೈಲನನ್ನು ಕರೆತಂದರು. ಕೈಲ್ ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ಒಳ್ಳೆಯವನು, ಯಾರಿಗೂ ನೋವಾಗಬಾರದೆಂದು ಎಲ್ಲವನ್ನೂ ಪರದೆಯ ಮೇಲೆ ತೋರಿಸುವವನು. ಲ್ಯಾಪ್‌ಟಾಪ್ ತೆರೆದು ಡಿ-17ರ ಹಳೆಯ ಬುಕಿಂಗ್‌ಗಳ ಪಟ್ಟಿಯನ್ನು ನನ್ನ ಕಡೆ ತಿರುಗಿಸಿದ. ಹನ್ನೊಂದು ವಾರ, ವಾರಕ್ಕೆ ಮೂರು ದಿನ, ಒಂದು ದಿನವೂ ತಪ್ಪದೆ ಒಂದೇ ಹೆಸರಿತ್ತು. ವಿಯೋರಿಕಾ. ಪ್ರತಿಯೊಂದರ ಮುಂದೆಯೂ ಸಮಯ, ಬೆಳಿಗ್ಗೆ ಆರು ಗಂಟೆ.

ಒಬ್ಬರಿಗೆ ದಿನಕ್ಕೆ ಒಂದೇ ಡೆಸ್ಕು, ರಜೆಯ ದಿನಗಳಿಗೆ ಅದೂ ಇಲ್ಲ. ಡಿ-17 ಆಕೆಯ ಹೆಸರಲ್ಲಿದ್ದುದರಿಂದ ಆಕೆಗೆ ಬೇರೆ ಡೆಸ್ಕು ಸಿಗುವಂತಿರಲಿಲ್ಲ. ಆದ್ದರಿಂದ ನಂಬರಿಲ್ಲದ ಆ ದುಂಡು ಮೇಜು. ಪ್ರಿಂಟರಿನ ಬಿಸಿ. ನಾನು ಟವೆಲ್ ಮಡಿಸಿಕೊಂಡು ಎದ್ದೆ. ಆ ದಿನ ಎಲ್ಲಿ ಕೂತೆ, ಏನು ಮಾಡಿದೆ ಒಂದೂ ನೆನಪಿಲ್ಲ. ನಾಚಿಕೆಯಾಯಿತು ಎಂದು ಬರೆದರೆ ಸಾಲದು. ಒಳ್ಳೆಯ ಊಟ ಮಾಡಿ ಕೈತೊಳೆದು ಬಂದ ಮೇಲೆ ಅದು ಬೇರೆಯವರ ಎಲೆ ಎಂದು ಗೊತ್ತಾದಂತಾಗಿತ್ತು.

ಮನೆಗೆ ಹೋಗಿ ಗಿರಿಜಾಳಿಗೆ ಹೇಳಿದೆ. ಸಮಾಧಾನ ಹೇಳುತ್ತಾಳೆಂದು ಹೇಳಿದ್ದಲ್ಲ, ಆದರೂ ಸ್ವಲ್ಪ ಸಿಗಬಹುದೆಂಬ ಆಸೆಯಿತ್ತು. ಅವಳು ಒಲೆ ಆರಿಸಿ ಪೂರ್ತಿ ಕೇಳಿದಳು. ಆಮೇಲೆ, “ಅಲ್ರೀ, ಬಸ್ಸಿನ್ಯಾಗ ಟವೆಲ್ ಒಗಿಯೂದನ್ನ ಅಷ್ಟ ಕಲತು ಬಂದೀರಿ. ವಯಸ್ಸಾದವರು ನಿಂತಿದ್ರ ಎದ್ದು ಸೀಟ್ ಕೊಡೂದನ್ನ ಯಾರು ಕಲೀಬೇಕಿತ್ತ್ರಿ?” ಎಂದಳು. ಸೋದರಮಾವನೂ ಗದಗಿನವರೆಗೆ ಆ ಸೀಟಿನಲ್ಲಿ ಕೂತಿರಲಿಲ್ಲ ಎಂದು ಆಗ ನನಗೆ ಜ್ಞಾಪಕಕ್ಕೆ ಬಂತು. ಅಣ್ಣಿಗೇರಿಯಲ್ಲಿ ಯಾರೋ ಬಾಣಂತಿ ಹತ್ತಿದಳೆಂದು ಎದ್ದುಕೊಟ್ಟು, ಉಳಿದ ದಾರಿ ಕಂಬಿ ಹಿಡಿದು ನಿಂತು ಹೋಗಿದ್ದ. ಮನೆಯಲ್ಲಿ ಅದನ್ನು ಅವನೇ ಹೇಳಿದ್ದ. ಕಥೆ ಹೇಳುವಾಗ ನಾನು ಆ ಭಾಗವನ್ನು ಬಿಡುತ್ತ ಬಂದು, ಬಿಟ್ಟಿದ್ದೇನೆಂಬುದನ್ನೂ ಮರೆತುಬಿಟ್ಟಿದ್ದೆ. ನಿಮಗೆ ಹೇಳುವಾಗಲೂ ಬಿಟ್ಟೆ.

ಮರುವಾರ ವಿಯೋರಿಕಾ ಬಂದರು. ನಾನು ಏಳು ಗಂಟೆಗೇ ಹೋಗಿ ದುಂಡು ಮೇಜಿನ ಮುಂದೆ ಕೂತಿದ್ದೆ. ಆಕೆ ಕುಂಟುತ್ತ ಬಂದು, ನನ್ನನ್ನು ಅಲ್ಲಿ ನೋಡಿ, ಕೋಟನ್ನೂ ಬಿಚ್ಚದೆ ನಿಂತರು. ಎಲ್ಲ ಗೊತ್ತಾಯಿತು ಎಂದು ನಾನು ಹೇಳಬೇಕಾಗಲಿಲ್ಲ. ಯಾಕೆ ಹೀಗೆ ಮಾಡಿದಿರಿ ಎಂದಷ್ಟೇ ಕೇಳಿದೆ.

“ಪದದ ಕಥೆ ಹೇಳಿದವಳು ನಾನು. ನೀನು ಅದನ್ನು ನಂಬಿ ಅಷ್ಟು ಸಂತೋಷಪಟ್ಟೆ. ನನ್ನ ಅಪ್ಪ ಹೇಳಿದ್ದು ಸುಳ್ಳಾಗಬಾರದಲ್ಲ” ಎಂದರು.

ಮತ್ತೆ, ಅಪರೂಪಕ್ಕೆ, ತಾವಾಗಿಯೇ ಇನ್ನಷ್ಟು ಹೇಳಿದರು. ಆಕೆಯ ಚಿಕ್ಕಂದಿನಲ್ಲಿ ಅವರ ಊರಿನಲ್ಲಿ ಹಾಲಿಗೆ ಸಾಲು ನಿಲ್ಲಬೇಕಾಗಿತ್ತಂತೆ. ಚಳಿಯಲ್ಲಿ ಅಷ್ಟು ಹೊತ್ತು ನಿಲ್ಲಲಾಗದವರು ತಮ್ಮ ಪಾಳಿಗೆ ಖಾಲಿ ಸೀಸೆಗಳನ್ನು ಇಟ್ಟು ಮನೆಗೆ ಹೋಗುತ್ತಿದ್ದರು. ಸೀಸೆಯಿದ್ದರೆ ಆ ಜಾಗ ಅವರದು. ನಮ್ಮ ಟವೆಲ್‌ನ ಹಾಗೆಯೇ ಎಂದೆ. “ಹಾಗೆ ಅಂತ ನಾನೂ ತಿಳಿದಿದ್ದೆ. ದೊಡ್ಡವಳಾದ ಮೇಲೆ ಅಮ್ಮ ಹೇಳಿದಳು. ಸೀಸೆ ತಾನಾಗಿ ಜಾಗ ಹಿಡಿಯೋದಿಲ್ಲ ಮಗಳೇ, ಯಾರಾದರೂ ಕಿಟಕಿಯಲ್ಲಿ ನಿಂತು ಕಾಯ್ತಾ ಇರಬೇಕು ಅಂತ. ನಮ್ಮ ಬೀದಿಯ ಸೀಸೆಗಳನ್ನೆಲ್ಲ ಅವಳೇ ಕಾಯ್ತಿದ್ದಳು” ಎಂದರು.

ನಾನು ಡಿ-17ರ ಕಡೆ ಕೈ ತೋರಿಸಿದೆ. ಆ ದಿನದ ಬುಕಿಂಗೂ ಆಕೆಯದೇ ಎಂದು ಗೊತ್ತಿತ್ತು, ರಜೆಯಲ್ಲಿದ್ದರೂ ಹಿಂದಿನ ದಿನ ಆರು ಗಂಟೆಗೆ ಎದ್ದಿರುತ್ತಾರೆ. ಆಕೆ ಹೋಗಲಿಲ್ಲ. ನನ್ನ ಚೀಲವನ್ನು ನೋಡಿ, “ಬಟ್ಟೆ ಎಲ್ಲಿ?” ಎಂದರು. ತೆಗೆದುಕೊಟ್ಟೆ. ಅದನ್ನು ಹಿಡಿದುಕೊಂಡು ಕಿಟಕಿಯ ಹತ್ತಿರ ಹೋಗಿ ಕೂತು, ಮೇಜಿನ ಮೇಲೆ ಹಾಸದೆ, ಎರಡು ಮಡಿಕೆ ಮಾಡಿ ತಮ್ಮ ಮಂಡಿಗಳ ಮೇಲೆ ಹೊದ್ದುಕೊಂಡರು. ಮಧ್ಯಾಹ್ನ ಎರಡು ಗಂಟೆಗೆ ನಾನು ದುಂಡು ಮೇಜಿನಿಂದಲೇ ಕತ್ತೆತ್ತಿ ನೋಡಿದೆ. ಬಿಸಿಲು ಬಂದಿತ್ತು. ಆಕೆ ಕಣ್ಣು ಮುಚ್ಚಿ ಅದಕ್ಕೆ ಮುಖವೊಡ್ಡಿ ಕೂತಿದ್ದರು. ಹನ್ನೊಂದು ವಾರ ಆ ಬಿಸಿಲು ನಾನು ತಿಂದದ್ದು.

ಹೀಗೆ ನಾನು ಡೆಸ್ಕು ಬಿಟ್ಟವನಾದೆ. ಕುರ್ಚಿ ಹುಚ್ಚು ಬಿಟ್ಟಿತೆಂದು ಗಿರಿಜಾಳ ಮುಂದೆ ಹೇಳಿಕೊಂಡೆ, ಆಸೆಯೇ ದುಃಖಕ್ಕೆ ಮೂಲ ಎಂದೂ ಸೇರಿಸಿದೆ. ದುಂಡು ಮೇಜಿಗೆ ನಂಬರಿಲ್ಲ, ಬುಕಿಂಗಿಲ್ಲ, ಆ್ಯಪಿಲ್ಲ, ಅದು ಯಾರಿಗೂ ಬೇಡ. ಇಂಥ ಜಾಗದಲ್ಲಿ ಕೂತವನಿಗೆ ಜಗಳವೇ ಇಲ್ಲ ಎಂದು ಎರಡು ವಾರ ಸಂತನಂತೆ ಕೂತೆ. ಪ್ರಿಂಟರಿನ ಕೊರಗು ಅಭ್ಯಾಸವಾಯಿತು. ಕಾಗದ ಸಿಕ್ಕಿಕೊಂಡಾಗ ಜನ ನನ್ನನ್ನೇ ಕರೆಯತೊಡಗಿದರು. ಬಿಸಿಯಂತೂ ನಿಜವಾಗಿಯೂ ಹಿತವಾಗಿದೆ, ಗೋಡೆಯ ಕಡೆಯ ಕುರ್ಚಿಯಲ್ಲಿ ಸ್ವಲ್ಪ ಹೆಚ್ಚು.

ಮೊನ್ನೆ ಗುರುವಾರ ಊಟ ಮುಗಿಸಿ ಬಂದರೆ ಆ ಗೋಡೆಯ ಕಡೆಯ ಕುರ್ಚಿಯಲ್ಲಿ ಕೈಲ್ ಕೂತಿದ್ದ. ಅವನ ನಲವತ್ತು ಪುಟದ ಪ್ರಿಂಟು ಬರುತ್ತಿತ್ತು, ಅದಕ್ಕೆ ಕಾಯುತ್ತ ಎರಡು ನಿಮಿಷ ಕೂತಿದ್ದಾನೆ, ಆ ಕುರ್ಚಿಗಳನ್ನು ಇಟ್ಟಿರುವುದೇ ಅದಕ್ಕೆ. ನನಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಆದರೂ ನನ್ನ ಬಲಗೈ ನನ್ನನ್ನು ಕೇಳದೆ ಚೀಲದೊಳಗೆ ಹೋಗಿ, ಈಗ ವಿಯೋರಿಕಾ ಅವರ ಮಂಡಿಯ ಮೇಲಿರುವ ಆ ಟವೆಲನ್ನು ಹುಡುಕಿತು.